ಬೆಂಗಳೂರಿನ ಕಾಲೇಜು, ಮೈಸೂರಿನ ಪದವಿ: ದಾಖಲೆ ಯಾವ ವಿ.ವಿ.ಯಲ್ಲಿ?

ಕಡತ_ಹುಡುಕಾಟ:
ಸೆಂಟ್ರಲ್ ಕಾಲೇಜಿನಲ್ಲಿ 1958ರಲ್ಲಿ ಮುಗಿಸಿದ ಬಿ.ಎಸ್ಸಿ. ಪದವಿಪತ್ರದಲ್ಲಿ 'ಮೈಸೂರು ವಿಶ್ವವಿದ್ಯಾನಿಲಯ' ಎಂದಿದೆ. ನಕಲು ಪ್ರತಿಗೆ ಅರ್ಜಿ ಹಾಕುವುದು ಬೆಂಗಳೂರಿಗೋ ಮೈಸೂರಿಗೋ?

ಗಂಗೋತ್ರಿ_ಹಳಬ:
ಮೈಸೂರಿಗೇ. ಕಾಲೇಜು ಯಾವ ಊರಲ್ಲಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಪದವಿ ಕೊಟ್ಟವರು ಯಾರು ಅನ್ನುವುದೇ ಮುಖ್ಯ. 1916ರ ಜುಲೈ 27ರಂದು ಮೈಸೂರು ವಿ.ವಿ. ಶುರುವಾದಾಗ ಅದರ ಎರಡು ಕಾಲುಗಳೆಂದರೆ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಅದಕ್ಕೂ ಮೊದಲು ಎರಡೂ ಮದರಾಸು ವಿ.ವಿ.ಗೆ ಸೇರಿದ್ದವು. ನಾಲ್ವಡಿಯವರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಬೆಂಗಳೂರು ವಿ.ವಿ. ಬೇರೆಯಾದದ್ದು 1964ರಲ್ಲಿ, ಆಗ ಸೆಂಟ್ರಲ್ ಕಾಲೇಜು ಅತ್ತ ಹೋಯಿತು.

ಅರ್ಜಿ ಪರೀಕ್ಷಾ ವಿಭಾಗಕ್ಕೆ ಹೋಗಬೇಕು. ಪದವಿಪತ್ರದಲ್ಲಿರುವ ಹೆಸರಿನ ಕಾಗುಣಿತ, ನೋಂದಣಿ ಸಂಖ್ಯೆ, ತೇರ್ಗಡೆಯಾದ ವರ್ಷ, ಕಾಲೇಜು ಇಷ್ಟನ್ನೂ ಇದ್ದ ಹಾಗೇ ಬರೆಯಿರಿ. ಇನಿಷಿಯಲ್ ಬಿಡಿಸಿ ಪೂರ್ಣ ಹೆಸರು ಬರೆದರೆ ಹಳೆಯ ಲೆಡ್ಜರಿನಲ್ಲಿ ಹೊಂದುವುದಿಲ್ಲ. ಎಡವುವುದು ಹೆಚ್ಚಾಗಿ ಇಲ್ಲೇ.

ಓಲೆಗರಿ:
ಇನ್ನೆರಡು ಕಡೆಯೂ ಇದೇ ಗೊಂದಲ. ಎಂಜಿನಿಯರಿಂಗ್ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ.ಯ (ವಿಟಿಯು) ಕೆಳಗೆ ಬಂದದ್ದು 1998ರಲ್ಲಿ. ಹಾಗಾಗಿ ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನ 1990ರ ಬಿ.ಇ. ಮೈಸೂರು ವಿ.ವಿ.ಯದೇ. ಅಂಚೆ ಮತ್ತು ತೆರಪಿನ ಶಿಕ್ಷಣವೂ (ಮನೆಯಲ್ಲೇ ಓದುವ ದೂರಶಿಕ್ಷಣ) ಅಷ್ಟೇ: ಕರ್ನಾಟಕ ರಾಜ್ಯ ಮುಕ್ತ ವಿ.ವಿ. ಹುಟ್ಟಿದ್ದು 1996ರಲ್ಲಿ, ಅದಕ್ಕೂ ಹಿಂದಿನ ಪದವಿ ಮೈಸೂರಿನದು.

ಹಳೆಯ ದಾಖಲೆಗಳ ಮಾತು ಬಂದದ್ದಕ್ಕೆ ಒಂದು ತಿದ್ದುಪಡಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಮೈಸೂರು ವಿ.ವಿ. ಪತ್ತೆಹಚ್ಚಿತು ಎಂದು ಎಷ್ಟೋ ಕಡೆ ಬರೆಯುತ್ತಾರೆ. ಗ್ರಂಥಲಿಪಿಯ ಆ ಪ್ರತಿ ಆರ್. ಶಾಮಶಾಸ್ತ್ರಿಗಳ ಕೈಸೇರಿದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ವಿ.ವಿ. ಆಗ ಇರಲೇ ಇಲ್ಲ. ಶಾಸ್ತ್ರಿಗಳು ಕೆಲಸಮಾಡುತ್ತಿದ್ದ, 1891ರಲ್ಲಿ ಶುರುವಾದ ಮೈಸೂರಿನ ಓರಿಯಂಟಲ್ ಲೈಬ್ರರಿ ವಿ.ವಿ.ಗೆ ಸೇರಿದ್ದು 1916ರಲ್ಲಿ. ಶಾಸ್ತ್ರಿಗಳ ಆ ದುಡಿಮೆಗೆ ಸರಿಯಾದ ಇಸವಿಯನ್ನಾದರೂ ಬರೆಯೋಣ.

ಕಡತ_ಹುಡುಕಾಟ:
ಪತ್ರದ ಮೇಲಿನ ಲಾಂಛನದಲ್ಲಿ ಗಂಡಭೇರುಂಡದ ಎರಡು ಬದಿಗೆ ಆನೆಮುಖದ ಸಿಂಹಗಳಿವೆ. ಇದು ಅರಮನೆಯದಲ್ಲವೇ?

ಗಂಗೋತ್ರಿ_ಹಳಬ:
ಮೂಲ ಅರಮನೆಯದೇ, ಆ ಪ್ರಾಣಿ ಗಜಕೇಸರಿ. 'ನ ಹಿ ಜ್ಞಾನೇನ ಸದೃಶಂ' ಎಂಬ ಭಗವದ್ಗೀತೆಯ ಸಾಲು ಇದೆಯೇ ನೋಡಿ. ಅದಿದ್ದರೆ ವಿ.ವಿ.ಯ ಲಾಂಛನ.