ಸಕ್ಕರೆಗೆ ಬೋರಿಕ್ ಬೆರೆಸಿ ಇಟ್ರೂ ಇರುವೆ ಹೋಗ್ತಿಲ್ಲ

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ): ಅಣ್ಣಾರೆ, ನಮ್ಮ ಅಡಿಗೆ ಮನೇಲಿ ಸಣ್ಣ ಸಣ್ಣ ಇರುವೆ, ಮಿಕ್ಸಿ ಸ್ವಿಚ್ ಬೋರ್ಡಿನ ತೂತಿಂದ ಸಾಲು ಹಿಡಿದು ಬರ್ತಾವೆ. ಮೊನ್ನೆ ಮಂಡಕ್ಕಿ ಡಬ್ಬಿ ತೆಗೆದ್ರೆ ಒಳಗೆಲ್ಲ ಅವೇ, ಅಷ್ಟೂ ಹೊರಗೆ ಸುರಿದು ಬಂದೆ. ಯಾರೋ ಹೇಳಿದ್ರು ಅಂತ ಕೇರಂ ಪೌಡರು (ಬೋರಿಕ್ ಪುಡಿ) ಸಕ್ಕರೆ ಸಮ ಸಮ ಬೆರೆಸಿ ಇಟ್ಟೆ, ಸಕ್ಕರೆ ಹರಳು ಮಾತ್ರ ಹೊತ್ಕೊಂಡು ಹೋಗಿ ಪುಡಿ ಹಂಗೇ ಬಿಟ್ಟಾವೆ!! ಇರುವೆ ಚಾಕ್‌ಪೀಸ್ ಗೀಚಿದ್ರೆ ಎರಡು ದಿನ ಸುಮ್ನಿದ್ದು ಈಗ ದೇವರ ಗೂಡಿನ ಹತ್ರ ಶುರು. 2 ವರ್ಷದ ಮಗು ಐತೆ, ಸ್ಪ್ರೇ ಹೊಡೆಯೋಕೆ ಭಯ.

ಉತ್ತರ (ಪೆಸ್ಟ್ ಕಂಟ್ರೋಲ್ ಕೆಲಸದವ): ಅಕ್ಕಾರೆ, ಐಡಿಯಾ ಸರಿ ಐತೆ, ಅಳತೆ ತಪ್ಪೈತೆ. ಬೆಳೆದ ಇರುವೆ ಗಟ್ಟಿ ಪದಾರ್ಥ ನುಂಗಲ್ಲ ರೀ, ರಸ ಮಾತ್ರ ಹೀರ್ತಾವೆ, ಅದನ್ನ ಹೊಟ್ಟೇಲಿ ತುಂಬ್ಕೊಂಡು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಹಂಚ್ತಾವೆ, ಮರಿಗೆ, ಕೊನೆಗೆ ರಾಣಿಗೆ. ನಮಗೆ ಬೇಕಾಗಿರೋದು ಆ ಹಂಚಿಕೆ. ಬೋರಿಕ್ ಜಾಸ್ತಿ ಆದ್ರೆ ಒಂದೋ ಮುಟ್ಟಲ್ಲ, ಇಲ್ಲಾ ದಾರೀಲೇ ಸಾಯ್ತಾವೆ, ಗೂಡು ಆರಾಮಾಗಿರ್ತೈತೆ.

200 ಎಂಎಲ್ ಉಗುರು ಬೆಚ್ಚಗಿನ ನೀರಿಗೆ 4 ದೊಡ್ಡ ಚಮಚ ಸಕ್ಕರೆ, ಅರ್ಧ ಟೀ ಚಮಚ ಬೋರಿಕ್ ಪುಡಿ, ಅಷ್ಟೇ. ಅಂದ್ರೆ ನೂರಕ್ಕೆ ಒಂದು ಪಾಲು. ಗ್ರಂಥಿಗೆ ಅಂಗಡಿ ಬಿಳಿಗಾರ (ಬೋರಾಕ್ಸ್) ಆದ್ರೆ ಮುಕ್ಕಾಲು ಚಮಚ. ಕೇರಂ ಪೌಡರ್ ಎಲ್ಲಾ ಬೋರಿಕ್ ಅಲ್ಲ, ಪ್ಯಾಕೆಟ್ ಓದಿ ನೋಡ್ರಿ. ಪೂರ್ತಿ ಕರಗಿದ ಮೇಲೆ ಹತ್ತಿ ಅದ್ದಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿದ ಡಬ್ಬೀಲಿಟ್ಟು ಸಾಲಿನ ಪಕ್ಕ, ಮಗು ಕೈಗೆ ಸಿಗದ ಎತ್ತರದಾಗೆ ಇಡ್ರಿ. ಬೋರಿಕ್ ಮಗು ಹೊಟ್ಟೆಗೆ ಹೋದ್ರೆ ವಿಷ, ಹಂಗಾಗಿ ಉಳಿದ ನೀರು ಲೋಟದಾಗೆ ಮಾತ್ರ ಬಿಡ್ಬೇಡ್ರಿ, ಯಾರಾದ್ರೂ ಪಾನಕ ಅಂತ ಕುಡಿದುಬಿಟ್ರೆ! ಸ್ವಿಚ್ ಬೋರ್ಡ್ ಒಳಗೂ ಬೇಡ, ನೀರು ಕರೆಂಟು.

ಮೊದಲ್ನೇ ದಿನ ದುಗ್ಗಮ್ಮನ ಜಾತ್ರೆ ಥರ ಮುತ್ತುತ್ತಾವೆ, ಗಾಬರಿ ಬೀಳ್ಬೇಡ್ರಿ, ಒರೆಸ್ಬೇಡ್ರಿ. ಸುತ್ತಮುತ್ತ ಚಾಕ್‌ಪೀಸು ಸ್ಪ್ರೇ ಯಾವುದೂ ಬೇಡ, ಹೊಡೆದ್ರೆ ದಾರಿ ಬದಲಾಯಿಸ್ತಾವೆ, ಕೆಲವು ಜಾತಿ ಇರುವೆ ಗೂಡೇ ಒಡೆದು ಎರಡು ಮೂರು ಆಗ್ತಾವೆ. ಹತ್ತಿ ಒಣಗಿದ್ರೆ ಬದಲಾಯಿಸ್ರಿ. ಒಂದು ವಾರ, ಕೆಲವು ಸಲ ಎರಡು ವಾರ ಹಿಡಿಯುತ್ತೆ.

ಇನ್ನೊಬ್ರು: ನಮ್ಮನೇವು ಸಕ್ಕರೆ ಮೂಸೂ ನೋಡಲ್ಲ ಸಾರ್, ಮಿರ್ಚಿ ಕಟ್ಟಿದ ಪೇಪರಿಗೆ ಮಾತ್ರ ಮುತ್ತುತ್ತಾವೆ.

ಉತ್ತರ: ಅವಕ್ಕೆ ಜಿಡ್ಡು ಬೇಕು. ಶೇಂಗಾ ನುಣ್ಣಗೆ ಅರೆದು ಎರಡು ಚಮಚಕ್ಕೆ ಒಂದೇ ಚಿಟಿಕೆ ಬೋರಿಕ್ ಕಲಸಿಡ್ರಿ. ಗೊತ್ತಾಗದಿದ್ರೆ ಮೊದಲು ಬೋರಿಕ್ ಇಲ್ದೇ ಬೆಲ್ಲ ಒಂದ್ಕಡೆ ಶೇಂಗಾ ಒಂದ್ಕಡೆ ಇಟ್ಟು ಯಾವುದಕ್ಕೆ ಬರ್ತಾವೆ ಅಂತ ನೋಡ್ಬಿಡ್ರಿ, ನಾನೂ ಗಿರಾಕಿ ಮನೇಲಿ ಇದನ್ನೇ ಮಾಡೋದು.

ಪ್ರಶ್ನೆ ಕೇಳಿದವರು: ಅಣ್ಣಾರೆ ಇವತ್ತಿಗೆ 9 ದಿನ. ಮೊದಲ್ನೇ ದಿನ ನೋಡಿ ನಮ್ಮತ್ತೆ "ಸಾಕ್ತೀಯೇನೇ ಅವನ್ನ" ಅಂತ ಬೈದ್ರು. ಈಗ ಬೋರ್ಡಿನ ತೂತಿಂದ ನಾಲ್ಕೈದು ಬರ್ತಾವೆ, ಅವೂ ದಿಕ್ಕು ತಪ್ಪಿದಂಗೆ ಓಡಾಡ್ತಾವೆ. ಹತ್ತಿ ತೆಗೀಲಾ?

ಉತ್ತರ: ಇನ್ನೊಂದು ವಾರ ಇರ್ಲಿ ಅಕ್ಕಾರೆ. ಮಂಡಕ್ಕಿ ಮಾತ್ರ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕ್ರಿ.