ಅಪ್‌ಡೇಟ್: ಜರ್ಮನಿ ಆಫೀಸಿನ ಬೀಳ್ಕೊಡುಗೆಗೆ ತೊಡೆದೇವು ತಲುಪಿತು

ಜರ್ಮನಿಯ ಕೆಲಸ ಮುಗಿಸಿ ಶಿರಸಿಗೆ ಮರಳುವ ಮುಂಚೆ ಆಫೀಸಿನವರಿಗೆ ತೊಡೆದೇವು (ಅಕ್ಕಿಹಿಟ್ಟು, ಕಬ್ಬಿನ ಹಾಲಿನಿಂದ ಮಾಡುವ ಮಲೆನಾಡಿನ ಗರಿಗರಿ ಸಿಹಿ) ತಿನ್ನಿಸಬೇಕು, ಪುಡಿಯಾಗದ ಹಾಗೆ ಊರಿಂದ ತರಿಸೋದು ಹೇಗೆ ಅಂತ ಇಲ್ಲಿ ಕೇಳಿದ್ದೆ. ಬೀಳ್ಕೊಡುಗೆ ಶುಕ್ರವಾರ ಚೆಂದವಾಗಿ ಮುಗಿಯಿತು.

ಕೊರಿಯರಿನಲ್ಲಿ ತರಿಸಿ ಎಂಬ ಸಲಹೆ ಫಲಿಸಲಿಲ್ಲ, ಅರ್ಧಕ್ಕರ್ಧ ಚೂರು. ಕಾಗದದಷ್ಟು ತೆಳುವಾದ್ದರಿಂದ ಡಬ್ಬಿಯೊಳಗೆ ಸ್ವಲ್ಪ ಜಾಗ ಉಳಿದರೂ ಅಲುಗಾಡಿ ಒಡೆಯುತ್ತದೆ. ಊರಿಂದ ಬರುವವರ ಕೈಚೀಲದಲ್ಲಿ ಸ್ಟೀಲ್ ಡಬ್ಬಿ ಕಳಿಸಿ ಅಂದವರ ಮಾತೇ ಸರಿ: ತಳಕ್ಕೆ ಬಟರ್ ಪೇಪರ್, ಮಡಿಸಿದ ತೊಡೆದೇವುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಟಿಶ್ಯೂ ತುಂಬಿ, ಗಾಳಿಯ ತೇವ ತಾಗದಂತೆ ಮುಚ್ಚಳದ ಸುತ್ತ ಟೇಪ್. 20ರಲ್ಲಿ 2 ಮಾತ್ರ ಮುರಿದವು. ಚೂರುಗಳನ್ನೂ ಎಸೆಯಬೇಡಿ, ಬಿಸಿ ಹಾಲಿಗೆ ಹಾಕಿ ಕೊಟ್ಟರೆ ಬಹಳ ರುಚಿ.

ಜೊತೆಗೆ ಹಾಕಿಕೊಂಡು ತಿನ್ನುವ ತುಪ್ಪ ಮಾತ್ರ ಊರಿಂದ ತರಿಸಬೇಡಿ. ಭಾರತದಿಂದ ಯುರೋಪ್ ಒಕ್ಕೂಟಕ್ಕೆ ಬರುವವರು ಹಾಲಿನ ಉತ್ಪನ್ನ ತರುವಂತಿಲ್ಲ. ಅಲ್ಲೇ ಸಿಗುವ 250 ಗ್ರಾಂ ಉಪ್ಪಿಲ್ಲದ ಬೆಣ್ಣೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಸುಮಾರು 200 ಗ್ರಾಂ ತುಪ್ಪ.

ಗೊತ್ತಿಲ್ಲದ ಒಂದು ಸಂಗತಿಯೂ ತಿಳಿಯಿತು. ಜರ್ಮನಿಯಲ್ಲಿ ಕೆಲಸ ಬಿಟ್ಟು ಹೊರಡುವವರೇ ಉಳಿದವರಿಗೆ ತಿಂಡಿ ಕೊಡುವುದು ವಾಡಿಕೆ, ಅದಕ್ಕೆ ‘ಔಸ್‌ಷ್ಟಾಂಡ್’ ಅನ್ನುತ್ತಾರೆ. ವಿದಾಯದ ‘ಔಫ್ ವೀಡರ್‌ಜೇಹನ್’ ಅಂದರೆ ‘ಮತ್ತೆ ನೋಡುವವರೆಗೆ’. ನಮ್ಮ ‘ಹೋಗಿ ಬರ್ತೆ’ ಇದ್ದ ಹಾಗೆಯೇ. ಅದನ್ನೂ ಹೇಳಿಕೊಟ್ಟೇ ಹೊರಟೆ.