ತಂಡ ಗಟ್ಟಿಯಾಗೋದು ರೆಸಾರ್ಟ್‌ನಲ್ಲಾ, ಕೆಲಸದ ಜಾಗದಲ್ಲಾ?

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಮುಂದಿನ ಶನಿವಾರ ನಮ್ಮ ಆಫೀಸಿನ ಟೀಮ್ ಔಟಿಂಗ್. ಕನಕಪುರ ರಸ್ತೆ ರೆಸಾರ್ಟು, ಹಗ್ಗಜಗ್ಗಾಟ, ಸಂಜೆ ಡಿಜೆ. ಬರಲೇಬೇಕಂತೆ. "ಒಬ್ಬರಿಗೊಬ್ಬರು ಹತ್ತಿರವಾದರೆ ಕೆಲಸವೂ ಚೆನ್ನಾಗಿ ಆಗುತ್ತೆ" ಅಂತ ಎಚ್‌ಆರ್ ಮೇಲ್ ಬೇರೆ. ರಜೆ ಹೋಯ್ತು, ಅದು ಬಿಡಿ. ಆದರೆ ಸಹೋದ್ಯೋಗಿಗಳ ಸಂಬಂಧಕ್ಕೂ ಕೆಲಸದ ಗುಣಮಟ್ಟಕ್ಕೂ ನಿಜವಾಗ್ಲೂ ನಂಟಿದೆಯಾ? ನಿಮ್ಮ ನಿಮ್ಮ ಕೆಲಸದಲ್ಲಿ ಕಂಡದ್ದು ಹೇಳಿ.

ನಿವೃತ್ತ ಗುಮಾಸ್ತ:
ಇದೆ, ಆದರೆ ಎಚ್‌ಆರ್ ಹೇಳೋ ಥರ ಅಲ್ಲ. ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಹಾಕಿದ್ದನ್ನ ಇನ್ನೊಬ್ಬರು ಪಾಸ್ ಮಾಡಬೇಕು ಅಂತ ಇಟ್ಟಿರೋದೇ ಅನುಮಾನಕ್ಕೆ ಜಾಗ ಇರಲಿ ಅಂತ. ಎಲ್ಲರೂ ತೀರಾ ಗೆಳೆಯರಾದ ಶಾಖೆಯಲ್ಲಿ "ರಾಯರು ನೋಡಿರ್ತಾರೆ ಬಿಡು" ಅಂತ ಕಣ್ಣುಮುಚ್ಚಿ ಸಹಿ ಬೀಳುತ್ತೆ. ಆಮೇಲೆ ಗುಂಪು ಶುರು. ಗುಂಪು ಅಂದಮೇಲೆ ಜಾತಿ, ಊರು, ಎಲ್ಲಾ ಹಿಂದಿನಿಂದ ಬರುತ್ತೆ. ಸಂಬಳ ಸರಿಯಾಗಿ ಕೊಡಿ, ಜನ ಸಾಕಷ್ಟು ಇಡಿ, ಮಿಕ್ಕಿದ್ದು ತಾನಾಗೇ ಆಗುತ್ತೆ.

ಬಜ್ಪೆ ಭಟ್ರು:
ಸ್ನೇಹ ಬೇರೆ, ಒಟ್ಟಿಗೆ ಕೆಲಸ ಮಾಡುವುದು ಬೇರೆ ಮಾರಾಯ್ರೆ. ನಮ್ಮ ಊರಿನದ್ದೇ ಉದಾಹರಣೆ ಉಂಟು. 2010ರ ಮೇ 22, ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ. 166 ಜನರಲ್ಲಿ ಉಳಿದದ್ದು 8. ತನಿಖಾ ವರದಿ ಓದಿ ನೋಡಿ. ಹಾರಾಟದಲ್ಲಿ ತುಂಬಾ ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಇಳಿಯುವ ಹೊತ್ತಿಗೆ ವಿಮಾನ ಇರಬೇಕಾದ ಎತ್ತರಕ್ಕಿಂತ ತುಂಬಾ ಮೇಲೆ. ಸಹ ಪೈಲಟ್ ಮೂರು ಸಲ "ಗೋ ಅರೌಂಡ್" ಅಂದರು. ಅಂದರೆ ಇಳಿಸುವುದು ಬೇಡ, ಮತ್ತೆ ಮೇಲೇರಿ ಒಂದು ಸುತ್ತು ಬರುವ ಅಂತ. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಆಚೆ ಕಣಿವೆ.

ಸಹ ಪೈಲಟ್ ತಾನೇ ಕಂಟ್ರೋಲ್ ಯಾಕೆ ತೆಗೆದುಕೊಳ್ಳಲಿಲ್ಲ? ಹಾಗೆ ಮಾಡುವ ಅಧಿಕಾರ ತನಗೆ ಉಂಟಾ ಇಲ್ಲವಾ ಅಂತ ಸೂಚನೆಗಳಲ್ಲೇ ಗೊಂದಲ ಇತ್ತು, ಬಹುಶಃ ಅದಕ್ಕೇ ಇರಬೇಕು ಅಂತ ವರದಿ ಹೇಳುತ್ತದೆ. ಅವರಿಬ್ಬರನ್ನೂ ಪಿಕ್ನಿಕ್ಕಿಗೆ ಕಳಿಸಿದ್ದರೆ ಆ ಗೊಂದಲ ಹೋಗುತ್ತಿರಲಿಲ್ಲ. ಕಿರಿಯವ ಹೇಳಿದ್ದನ್ನು ಹಿರಿಯವ ಕೇಳಲೇಬೇಕು, ಕೇಳದಿದ್ದರೆ ಕಿರಿಯವ ಮಾಡಬಹುದು ಅಂತ ಬರೆದಿಡಬೇಕು, ಅಭ್ಯಾಸ ಮಾಡಿಸಬೇಕು.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ನಮ್ಮಲ್ಲಿ ಸತ್ತರೆ ಸರ್ವರ್ ಸಾಯುತ್ತೆ, ಅಷ್ಟೇ. ಆದರೂ ವಿಷಯ ಅದೇ ಭಟ್ರೆ. ಶುಕ್ರವಾರ ಸಂಜೆ ಹೊಸ ಸಾಫ್ಟ್‌ವೇರ್ ರಿಲೀಸ್ ಮಾಡಿದರೆ ಒಡೆಯುತ್ತೆ ಅಂತ ಹೊಸದಾಗಿ ಸೇರಿದ ಹುಡುಗಿಗೆ ಗೊತ್ತಿರುತ್ತೆ. ಮೀಟಿಂಗ್‌ನಲ್ಲಿ ಬಾಯಿ ಬಿಡಲ್ಲ, ಆಮೇಲೆ ಲಿಫ್ಟಿನಲ್ಲಿ ಹೇಳ್ತಾಳೆ.

ಓಟಿ ಸಿಸ್ಟರ್, ಹುಬ್ಬಳ್ಳಿ:
ನಮ್ಮ ಆಪರೇಷನ್ ಥೇಟರ್‌ನ್ಯಾಗೂ ಇದ ಕಥಿ ನೋಡ್ರಿ. 2008ರಾಗ ವಿಶ್ವ ಆರೋಗ್ಯ ಸಂಸ್ಥೆ 19 ಅಂಶದ್ದೊಂದು ಚೆಕ್‌ಲಿಸ್ಟ್ ತಂತು. ಅದರಾಗ ಒಂದು, ಕೊಯ್ಯೂಕಿಂತ ಮೊದಲ ಎಲ್ಲಾರೂ ತಮ್ಮ ಹೆಸರು, ತಮ್ಮ ಕೆಲಸ ಏನು ಅಂತ ಹೇಳಬೇಕು. ನಗು ಬರತೈತಿ ಅಲ್ರೀ, ದಿನಾ ನೋಡೋ ಮಂದಿಗೆ ಹೆಸರೇನ್ ಹೇಳೂದು ಅಂತ. ಆದ್ರ ಒಮ್ಮೆ ದನಿ ತಗದಾಕಿಗೆ ಇನ್ನೊಮ್ಮೆ ತಗಿಯೂದು ಸಲೀಸ ಆಕ್ಕೈತಿ. "ಸರ್, ಹೊಲಿಗಿ ಹಾಕಬ್ಯಾಡ್ರಿ, ರಕ್ತ ಒರಸೋ ಮಾಪ್ ಬಟ್ಟಿ ಲೆಕ್ಕ ಕೂಡವಲ್ದು" ಅನ್ನಾಕ ಧೈರ್ಯ ಬೇಕ್ರಿ. ದಿಲ್ಲಿ ಸೇರಿ ಜಗತ್ತಿನ ಎಂಟು ಊರಿನ ಆಸ್ಪತ್ರಿಗಳಾಗ ಪರೀಕ್ಷಾ ಮಾಡಿದಾಗ ಸಾವು ನೂರಕ್ಕ 1.5 ಇದ್ದದ್ದು 0.8ಕ್ಕ ಇಳೀತು. ತೊಡಕು 11 ಇದ್ದದ್ದು 7ಕ್ಕ ಬಂತು.

ನಿವೃತ್ತ ಗುಮಾಸ್ತ:
ಮಗಳು ಡಾಕ್ಟರು, ಅವಳನ್ನ ಕೇಳಿದೆ. ಅದೇ ಚೆಕ್‌ಲಿಸ್ಟ್ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳಿಗೆ ಬಂದಾಗ ಸಾವು ಹೇಳಿಕೊಳ್ಳುವಂತೇನೂ ಇಳಿಯಲಿಲ್ಲ ಅಂತ 2014ರಲ್ಲಿ ಅಧ್ಯಯನ ಪ್ರಕಟವಾಯ್ತಂತೆ. ಬಳಕೆ ಮಾತ್ರ ನೂರಕ್ಕೆ ನೂರರ ಹತ್ತಿರ ಅಂತ ಆಸ್ಪತ್ರೆಗಳೇ ವರದಿ ಕೊಟ್ಟಿದ್ದವು! ಅದಕ್ಕೇನಂತೀರಿ ಸಿಸ್ಟರ್?

ಓಟಿ ಸಿಸ್ಟರ್, ಹುಬ್ಬಳ್ಳಿ:
ಏನನ್ನೂದೈತ್ರಿ, ಟಿಕ್ ಹಾಕಿದ್ರ ಆತೇನು? ಪೇಷಂಟ್ ವಾರ್ಡಿಗೆ ಹ್ವಾದಮ್ಯಾಲ ಕುಂತು ಎಲ್ಲಾ ಬಾಕ್ಸ್ ತುಂಬೋರನ್ನ ನಾನೂ ನೋಡೀನಿ. ಸರ್ಜನ್ ತಾವ ಕೈ ನಿಲ್ಲಿಸಿ "ಏನರ ಹೇಳೂದೈತೇನವಾ?" ಅಂತ ಕೇಳಿದ ದಿನಾನ ಆ ಹಾಳಿಗೆ ಬೆಲಿ. ಹಂಗ ಕೇಳೋ ಡಾಕ್ಟರ್ ಜೋಡಿ ಡ್ಯೂಟಿ ಬಿದ್ದರ ಮನಿಗೆ ಹ್ವಾದಮ್ಯಾಲ ನಿದ್ದಿ ಬರತೈತಿ. ಇನ್ನೊಬ್ಬರ ಜೋಡಿ ಬಿದ್ದರ ಮುಂಜಾನಿಂದ ಹೊಟ್ಟಿ ತೊಳಸ್ತೈತಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳನ್ನ ನೋಡಿದಾಗ, ಚೆನ್ನಾಗಿ ಹೊಂದಿಕೊಂಡ ತಂಡಗಳಲ್ಲೇ ಔಷಧಿ ಕೊಡೋದರ ತಪ್ಪು ಜಾಸ್ತಿ ದಾಖಲಾಗಿತ್ತು. ಅವರಿಗೇ ಆಶ್ಚರ್ಯ. ಆಮೇಲೆ ಅವರು ಕಂಡುಕೊಂಡ ಉತ್ತರ: ಆ ತಂಡಗಳು ತಪ್ಪನ್ನ ಮುಚ್ಚಿಡ್ತಾ ಇರಲಿಲ್ಲ. ನಮ್ಮ ಮ್ಯಾನೇಜರು ಬಗ್, ಅಂದ್ರೆ ಸಾಫ್ಟ್‌ವೇರ್ ತಪ್ಪು, ಕಮ್ಮಿ ತೋರಿಸಿದ ಟೀಮಿಗೆ ಬಹುಮಾನ ಕೊಡ್ತಾರೆ. ಯಾರು ಬರೀತಾರೆ ಹೇಳಿ?

ಪೀಣ್ಯ ಟೈಲರ್:
ನೀವೆಲ್ಲ ಬಾಯಿ ಬಿಡೋ ಮಾತಾಡ್ತಿದೀರ. ಗಾರ್ಮೆಂಟ್ಸಲ್ಲಿ ಬಾಯಿ ಬಿಟ್ರೆ ಮೊದ್ಲು ಬೈಗುಳ. ಲೈನಲ್ಲಿ ಕಾಲರ್ ಹಾಕೋಳು ನಿಂತ್ರೆ ಅವಳ ಮುಂದಿನೋರೆಲ್ಲ ಕೈಕಟ್ಕೊಂಡು ಕೂರಬೇಕು. ಅದಕ್ಕೇ ಪಕ್ಕದೋಳಿಗೆ ಹುಷಾರಿಲ್ಲ ಅಂದ್ರೆ ಅವಳ ಪೀಸ್ ನಾವೇ ಎಳ್ಕೊಂಡು ಹೊಲೀತೀವಿ. ಯಾವ ರೆಸಾರ್ಟಲ್ಲೂ ಕಲಿತಿದ್ದಲ್ಲ. ಹಂಗೆ ಮಾಡಿ ಟಾರ್ಗೆಟ್ ಮುಟ್ಟಿಸಿದ್ರೆ ಏನಾಗುತ್ತೆ ಗೊತ್ತಾ? "ಆಗುತ್ತಲ್ಲ ನಿಮ್ಮ ಕೈಲಿ" ಅಂತ ಮುಂದಿನ ವಾರ ಟಾರ್ಗೆಟ್ಟೇ ಏರಿಸ್ತಾರೆ. ನಮ್ಮ ಒಗ್ಗಟ್ಟಿನ ಲಾಭ ಅವರಿಗೆ, ಬೆನ್ನುನೋವು ನಮಗೆ.

ಬಜ್ಪೆ ಭಟ್ರು:
ಅಕ್ಕಾ, ನೀವು ಹೇಳಿದ್ದು ಸರಿ ಉಂಟು. ಆದರೆ ಟೊಯೋಟಾ ಪದ್ಧತಿಯಲ್ಲಿ ಲೈನಿನ ಯಾವ ಕೆಲಸಗಾರನೂ ತೊಂದರೆ ಕಂಡರೆ ಹಗ್ಗ ಎಳೆಯಬಹುದು. ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಆದರೂ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಇಂಥದ್ದು ಆಗುವುದೇ ಇಲ್ಲ ಅಂತ ಹೇಳಲಿಕ್ಕೆ ಬರುವುದಿಲ್ಲ.

ನಿವೃತ್ತ ಗುಮಾಸ್ತ:
ಅದೇ ಟೊಯೋಟಾದ ಬಿಡದಿ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಲಾಕೌಟ್ ಆಗಿದ್ದು ಮರೆತ್ರಾ? ಕೆಲಸದ ಹೊರೆ ಜಾಸ್ತಿ ಅನ್ನೋದು ಕಾರ್ಮಿಕರ ದೂರು. ಅವರ ಮುಷ್ಕರ ಮುಗಿಯೋಕೆ ಮುಂದಿನ ವರ್ಷದ ಮಾರ್ಚ್ ಬಂತು.

ಪೀಣ್ಯ ಟೈಲರ್:
ನೋಡಿ ಮತ್ತೆ. ಹಗ್ಗ ಎಳೆಯೋಕೆ ಬಿಟ್ರೆ ಸಾಲದು ಭಟ್ರೆ. ಲೈನ್ ನಿಂತ ಹೊತ್ತಿನ ಪೀಸನ್ನ ಎಳೆದೋಳ ಟಾರ್ಗೆಟ್ಟಿಂದ ಕಳೀಬೇಕು. ಅದನ್ನ ಬೋರ್ಡಲ್ಲಿ ಬರೀತೀವಿ ಅಂದ್ರೆ ನಾಳೇನೇ ಎಳೀತೀನಿ.